ತಂತಿಯ ಎರಡೂ ಕಡೆಯಿಂದ ಬಂದ ಬೆಳಕು

'ದಾರಿ ಗೊತ್ತಾದರೆ ಪಟ್ಟೆ ಇಲ್ಲ, ಪಟ್ಟೆ ಕಂಡರೆ ದಾರಿ ಗೊತ್ತಿಲ್ಲ.' ಭೌತವಿಜ್ಞಾನಿ ನೀಲ್ಸ್ ಬೋರ್ 1927ರಲ್ಲಿ ಮುಂದಿಟ್ಟ ಪೂರಕತೆಯ ತತ್ವವನ್ನು ನಾನು ಕ್ಲಾಸಿನಲ್ಲಿ ಹೀಗೆ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ. ದಾರಿ ಅಂದರೆ ಬೆಳಕು ಎರಡರಲ್ಲಿ ಯಾವ ಕಡೆಯಿಂದ ಬಂತು ಅನ್ನೋದು. ಪಟ್ಟೆ ಅಂದರೆ ಎರಡೂ ಕಡೆಯ ಬೆಳಕು ಸೇರಿ ಮೂಡಿಸುವ ಬೆಳಕು-ಕತ್ತಲೆಯ ಸಾಲು. ಹೋದ ಮಳೆಗಾಲದಲ್ಲಿ ಧಾರವಾಡದ ನಮ್ಮ ಮನೆಯಲ್ಲಿ ಅದನ್ನು ಮಾಡಿ ನೋಡಿದೆ.

ಸಾಮಾನು ಜಾಸ್ತಿ ಬೇಕಿಲ್ಲ. ಕೆಂಪು ಲೇಸರ್ ಪಾಯಿಂಟರ್, ಕರೆಂಟ್ ವೈರಿನಿಂದ ಎಳೆದ ಒಂದು ತಾಮ್ರದ ಎಳೆ, ಹುಬ್ಬಳ್ಳಿಯ ಮೊಬೈಲ್ ರಿಪೇರಿ ಅಂಗಡಿಯಿಂದ ತಂದ ಪೋಲರೈಸರ್ ಫಿಲ್ಮ್. ಈ ಫಿಲ್ಮ್ ತನ್ನ ಅಕ್ಷದ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುತ್ತದೆ. ಎಳೆ ಸುಮಾರು 0.2 ಮಿಲಿಮೀಟರ್ ದಪ್ಪ. ಅದರ ಮೇಲೆ ಲೇಸರ್ ಬಿಟ್ಟರೆ 3 ಮೀಟರ್ ಆಚೆಯ ಗೋಡೆಯ ಮೇಲೆ ಹೆಚ್ಚೂಕಡಿಮೆ 1 ಸೆಂಟಿಮೀಟರಿಗೊಂದು ಪಟ್ಟೆ. ಕರೆಂಟ್ ಹೋದಾಗ ಇನ್ನೂ ಚಂದ ಕಾಣುತ್ತಿತ್ತು!

ಎಳೆಯ ಎಡಕ್ಕೆ ನಿಂತ ಅಕ್ಷದ ಫಿಲ್ಮ್, ಬಲಕ್ಕೆ ಅಡ್ಡ ಅಕ್ಷದ್ದು ಅಂಟಿಸಿದೆ. ಮೊದಲ ದಿನ ಒಂದು ಕಡೆ ಪೂರ್ತಿ ಕತ್ತಲೆ. ಫಿಲ್ಮ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ತುಂಡು ಕತ್ತರಿಸಿದೆ, ಅದೂ ಹಾಗೇ. ತಪ್ಪು ಫಿಲ್ಮಿನದಲ್ಲ. ಡಯೋಡ್ ಲೇಸರಿನ ಬೆಳಕೇ ಒಂದು ದಿಕ್ಕಿನಲ್ಲಿ ಕಂಪಿಸುತ್ತದೆ. ಪಾಯಿಂಟರನ್ನು 45 ಡಿಗ್ರಿ ತಿರುಗಿಸಿದ ಮೇಲೆ ಎರಡೂ ಕಡೆ ಸಮ ಬೆಳಕು ಬಂತು. ಪಟ್ಟೆ ಮಾಯ: ಯಾವ ಕಡೆಯ ಬೆಳಕು ಅನ್ನೋ ಗುರುತು ಈಗ ಅದರ ಕಂಪನದ ದಿಕ್ಕಿನಲ್ಲೇ ಇದೆ. ಗೋಡೆಯ ಮುಂದೆ 45 ಡಿಗ್ರಿಗೆ ಮೂರನೇ ಫಿಲ್ಮ್ ಹಿಡಿದೆ, ಎರಡೂ ಬೆಳಕು ಒಂದೇ ದಿಕ್ಕಿಗೆ ಬಂದು ಗುರುತು ಅಳಿಸಿತು, ಪಟ್ಟೆ ವಾಪಸ್. ಅದೇ ಫಿಲ್ಮನ್ನು ಎದುರು ದಿಕ್ಕಿಗೆ 45ಕ್ಕೆ ತಿರುಗಿಸಿದರೂ ಬಂತು, ಆದರೆ ಬೆಳಕಿದ್ದಲ್ಲಿ ಕತ್ತಲೆ, ಕತ್ತಲಿದ್ದಲ್ಲಿ ಬೆಳಕು.

ನನ್ನ ಒಂದು ಸಾಲಿನ ಪಾಠ ಕೆಟ್ಟದ್ದು ಆಮೇಲೆ. ಮೂರನೇ ಫಿಲ್ಮ್ ತೆಗೆದು, ಎಳೆಯ ಎಡ-ಬಲದ ಎರಡು ಫಿಲ್ಮುಗಳ ನಡುವಿನ ಕೋನ 90ರ ಬದಲು 45 ಮಾಡಿದೆ. ಪಟ್ಟೆ ಅರ್ಧಕ್ಕೆ ಮಸುಕಾಗಬೇಕು, ಅಲ್ವಾ? ಇಲ್ಲ. ಫಿಲ್ಮುಗಳು ಒಂದೇ ದಿಕ್ಕಿನಲ್ಲಿದ್ದಾಗಿನ ಸ್ಪಷ್ಟತೆ 1 ಅಂದರೆ, ಈಗ ಲೆಕ್ಕದ ಪ್ರಕಾರ 0.7. ದಾರಿಯ ಗುರುತೂ (ಏನೂ ಗೊತ್ತಾಗದಿದ್ದರೆ 0, ಪೂರ್ತಿ ಗೊತ್ತಾದರೆ 1) 0.7. ಎರಡರ ವರ್ಗ ಕೂಡಿಸಿದರೆ 1. ಅಂದರೆ ದಾರಿಯನ್ನು 100ಕ್ಕೆ 85 ಸಲ ಸರಿಯಾಗಿ ಊಹಿಸಬಹುದು, ಪಟ್ಟೆಯೂ ಸಾಕಷ್ಟು ಉಳಿದಿರುತ್ತದೆ. ಮೊಬೈಲ್ ಫೋಟೋದಿಂದ ಅಳೆಯಲು ಹೋಗಿ ಮೊದಲು ಎಡವಟ್ಟಾಯಿತು. ಸಾದಾ ಫೋಟೋ ಬೆಳಕನ್ನು ಇದ್ದಂತೆ ದಾಖಲಿಸುವುದಿಲ್ಲ. ಕ್ಯಾಮೆರಾ ತಿದ್ದದ ರಾ ಫೈಲ್ ತೆಗೆದ ಮೇಲೆ ಲೆಕ್ಕದ ಹತ್ತಿರ ಬಂತು.

ನೋಡಲು ಬಂದಿದ್ದ ಹುಡುಗನೊಬ್ಬ ಕೇಳಿದ: "ಸರ, ಇದರಾಗ ಕ್ವಾಂಟಂ ಎಲ್ಲೈತ್ರಿ?"

ಇಲ್ಲ ಅಂದೆ. ಒಂದಕ್ಕೊಂದು ಲಂಬವಾಗಿ ಕಂಪಿಸುವ ಎರಡು ಕಿರಣ ಪಟ್ಟೆ ಮೂಡಿಸುವುದಿಲ್ಲ ಅಂತ ಫ್ರಾನ್ಸಿನ ವಿಜ್ಞಾನಿಗಳಾದ ಫ್ರೆನೆಲ್, ಅರಾಗೊ 1819ರಲ್ಲೇ ಹೇಳಿದ್ದರು. ನನ್ನ ಗೋಡೆಯ ಮೇಲಿನದ್ದೆಲ್ಲ ಹಳೆಯ ಅಲೆ ಲೆಕ್ಕಕ್ಕೇ ಸಿಗುತ್ತದೆ. ಅಲೆ ಎರಡೂ ಕಡೆಯಿಂದ ಬರುತ್ತದೆ, ಅದಕ್ಕೆ 'ಯಾವ ದಾರಿ' ಅನ್ನೋ ಪ್ರಶ್ನೆಯೇ ಇಲ್ಲ. ಆ '100ಕ್ಕೆ 85 ಸಲ'ಕ್ಕೆ ಅರ್ಥ ಬರುವುದು ಬೆಳಕಿನ ಕಣ, ಅಂದರೆ ಫೋಟಾನ್, ಒಂದೊಂದಾಗಿ ಬಂದಾಗ ಮಾತ್ರ, ಅದು ಈ ಪಾಯಿಂಟರಿನಿಂದ ಆಗುವ ಕೆಲಸವಲ್ಲ.