ಮೆಷಿನ್ ಇಲ್ಲದೆ ಕೂಲಿಂಗ್: ನನ್ನ ಅನುಭವ

ಕಾರ್ಡಿಯಾಕ್ ಅರೆಸ್ಟ್ ಆಗಿ, ಅಂದರೆ ಹೃದಯ ನಿಂತು, ಮತ್ತೆ ಶುರುವಾದರೂ ಎಚ್ಚರವಾಗದ ರೋಗಿಯನ್ನು ಮೆದುಳು ಉಳಿಸಲೆಂದು ಬರೀ ಐಸ್‌ನಲ್ಲಿ 33 ಡಿಗ್ರಿಗೆ ತಂದು ಅಲ್ಲೇ ನಿಲ್ಲಿಸೋದು ಆಗದ ಮಾತು ಅಂತ ನಮ್ಮಲ್ಲೇ ಹೇಳುವವರು ಜಾಸ್ತಿ ಇದ್ದರು. ಮೈ ತಣ್ಣಗೆ ಮಾಡುವ ಮೆಷಿನ್ ಕೇಳಿದೆವು, ಕೊಟೇಶನ್ ನೋಡಿ ಆಡಳಿತದವರು ಸುಮ್ಮನಾದರು. ಮೆಷಿನ್ ಒಂದು ಸಲದ ಖರ್ಚು, ಅದರ ಪ್ಯಾಡ್ ಪ್ರತಿ ರೋಗಿಗೂ ಹೊಸದು ಬೇಕು, ಜೇಬು ಖಾಲಿಯಾಗುವುದು ಅಲ್ಲೇ. ಹಾಗಾಗಿ ಐಸ್ ಪ್ಯಾಕ್, ಒದ್ದೆ ಬೆಡ್‌ಶೀಟ್, ಫ್ಯಾನ್, ಫ್ರಿಜ್‌ನಲ್ಲಿಟ್ಟ ಸಲೈನ್, ಇಷ್ಟರಲ್ಲೇ ಮಾಡಿದೆವು. ಈಗ ಅನುಮಾನಪಟ್ಟವರೇ ಫೋನ್ ಮಾಡಿ ಕೇಳುತ್ತಾರೆ.

ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಟ್ಟರೆ ಗಂಟೆಗೆ ಹೆಚ್ಚುಕಮ್ಮಿ ಒಂದು ಡಿಗ್ರಿ ಇಳಿಯುತ್ತದೆ. ಇಳಿಸೋದು ಸುಲಭ, ನಿಲ್ಲಿಸೋದೇ ಕಷ್ಟ. ಶುರುವಿನಲ್ಲಿ 33 ಬಂದ ಮೇಲೆ ಪ್ಯಾಕ್ ತೆಗೆದರೆ ಮೈಯ ತಾಪ 31ರ ಕಡೆ ಜಾರುತ್ತಿತ್ತು, ಹಾರ್ಟ್ ರೇಟ್ ಬಿದ್ದು ಎಲ್ಲರೂ ಮಾನಿಟರ್ ಮುಂದೆ ನಿಲ್ಲಬೇಕಾಗುತ್ತಿತ್ತು. ಈಗ 34 ಕಂಡ ಕೂಡಲೇ ಪ್ಯಾಕ್ ತೆಗೆಯುತ್ತೇವೆ, ಉಳಿದದ್ದು ತಾನಾಗೇ ಇಳಿಯುತ್ತದೆ. ತಾಪ ಅಳೆಯುವ ಪ್ರೋಬ್ ಅನ್ನನಾಳದಲ್ಲೇ ಇರಬೇಕು. ಕಂಕುಳಿನ ಥರ್ಮಾಮೀಟರ್ ನಂಬಿದರೆ ಕೆಟ್ಟಿರಿ, ಪಕ್ಕದಲ್ಲೇ ಐಸ್ ಇದೆ ಅಲ್ವಾ! ಮೂತ್ರ ಕಡಿಮೆಯಾದರೆ ಬ್ಲ್ಯಾಡರ್ (ಮೂತ್ರಕೋಶ) ಪ್ರೋಬ್ ಕೂಡ ನಿಜವಾದ ತಾಪಕ್ಕಿಂತ ಹಿಂದೆ ಬೀಳುತ್ತದೆ.

ನಿಜವಾದ ಶತ್ರು ಮೈಯನ್ನು ಮತ್ತೆ ಬಿಸಿ ಮಾಡುವ ನಡುಕ. ಕಣ್ಣಿಗೆ ಕಾಣುವವರೆಗೆ ಕಾದರೆ ತಡವಾಯಿತು. ದವಡೆಯ ಮೇಲೆ ಬೆರಳಿಡಿ, ಸಣ್ಣಗೆ ಗುಂಯ್‌ಗುಟ್ಟಿದ ಹಾಗೆ ತಿಳಿಯುತ್ತದೆ, ಇಸಿಜಿ ಗೆರೆಯೂ ಮಸುಕಾಗುತ್ತದೆ. ಅದಕ್ಕೆ ಪ್ಯಾರಾಸಿಟಮಾಲ್, ಮೆಗ್ನೀಷಿಯಂ, ಸೆಡೇಶನ್ (ಮಂಪರಿನ ಔಷಧಿ), ಜೊತೆಗೆ ಅಂಗೈ ಅಂಗಾಲಿಗೆ ಬೆಚ್ಚಗೆ ಸುತ್ತುವುದು. ಮೈಯೆಲ್ಲ ಐಸ್, ಕೈಕಾಲಿಗೆ ಮಾತ್ರ ಬಿಸಿ ಅಂತ ನಕ್ಕವರಿದ್ದರು, ಆದರೆ ಔಷಧಿ ಅರ್ಧಕ್ಕೆ ಇಳಿದದ್ದು ಅದರಿಂದಲೇ. ಔಷಧಿ ಕೊಟ್ಟು ಸ್ನಾಯುಗಳನ್ನು ಪ್ಯಾರಲೈಸ್ ಮಾಡುವುದು ಕಡೆಯ ದಾರಿ, ಆಗ ಮೆದುಳಿನ ಅಲೆ ತೋರಿಸುವ ಇಇಜಿ ಇಲ್ಲದಿದ್ದರೆ ಫಿಟ್ಸ್ ಬಂದರೂ ಗೊತ್ತಾಗುವುದಿಲ್ಲ. ಕೈಕಾಲು ಸುತ್ತುವುದಕ್ಕೆ ನಮ್ಮದೇ ಒಂದು ಕ್ರಮ ಇದೆ, ಅದನ್ನು ಬಂದು ನೋಡಿದವರಿಗೆ ತೋರಿಸುತ್ತೇನೆ.

ನಡುವೆ ಮೂಗಿನಿಂದ ಹೊಟ್ಟೆಗೆ ಹಾಕಿದ ಟ್ಯೂಬ್‌ನಲ್ಲಿ ತಣ್ಣೀರು ಬಿಟ್ಟೂ ನೋಡಿದೆವು. ಸುಮ್ನೆ ಗಲೀಜು, ಇಳಿದದ್ದು ಅಷ್ಟಕ್ಕಷ್ಟೆ. ಒದ್ದೆ ಬೆಡ್‌ಶೀಟ್ ಮೇಲೆ ಫ್ಯಾನ್ ಬಿಟ್ಟದ್ದು ಅದಕ್ಕಿಂತ ಎಷ್ಟೋ ವಾಸಿ. ತಣ್ಣನೆ ಸಲೈನ್ ಬೇಗ ಇಳಿಸುತ್ತದೆ, ಆದರೆ ಆಂಬುಲೆನ್ಸ್‌ನಲ್ಲೇ ಕೊಟ್ಟು ನೋಡಿದ ದೊಡ್ಡ ಅಧ್ಯಯನದಲ್ಲಿ ಲಂಗ್ಸ್‌ನಲ್ಲಿ ನೀರು ತುಂಬುವುದು, ಮತ್ತೆ ಅರೆಸ್ಟ್ ಆಗುವುದು ಜಾಸ್ತಿಯಾಗಿತ್ತು. ನಾವು ಎಕೋ (ಹೃದಯದ ಸ್ಕ್ಯಾನ್) ನೋಡದೆ ಅದನ್ನು ಮುಟ್ಟುವುದಿಲ್ಲ.

ರಕ್ತದ ಪೊಟ್ಯಾಸಿಯಂ ಮೈ ತಣ್ಣಗಾಗುವಾಗ ಇಳಿಯುತ್ತದೆ, ಬೆಚ್ಚಗಾಗುವಾಗ ಏರುತ್ತದೆ. ಹಾಗಾಗಿ ಕೊರತೆಯನ್ನೆಲ್ಲ ಒಂದೇ ಸಲ ತುಂಬಬೇಡಿ. ವಾಪಸ್ ಏರಿಸುವುದು ಗಂಟೆಗೆ ಕಾಲು ಡಿಗ್ರಿ, ಮನೆಯವರು ಎಷ್ಟೇ ಅವಸರ ಮಾಡಲಿ.

ಇದನ್ನೇ ಪರೀಕ್ಷಿಸಿದ 2021ರ ಟಿಟಿಎಂ-2 ಅಧ್ಯಯನ ಬಂದ ಮೇಲೆ, 33ಕ್ಕೂ ಬರೀ ಜ್ವರ ತಡೆಯೋದಕ್ಕೂ ವ್ಯತ್ಯಾಸ ಕಾಣಲಿಲ್ಲವಲ್ಲ, ಇದೆಲ್ಲ ಯಾಕೆ ಅಂತ ಕೇಳುತ್ತಾರೆ. ಒಪ್ಪುತ್ತೇನೆ, ಈಗ ನಾವೂ ಎಲ್ಲರನ್ನೂ 33ಕ್ಕೆ ಇಳಿಸುವುದಿಲ್ಲ. ಆದರೆ ಮೂರು ದಿನ 37.5 ದಾಟದ ಹಾಗೆ ಹಿಡಿದು ನೋಡಿ. ಅದಕ್ಕೂ ಇದೇ ಐಸ್, ಇದೇ ಪ್ರೋಬ್, ಇದೇ ನಡುಕದ ಜಗಳ.