ತಿಂಡಿ ಬೇಡ ಅನ್ನುವ ಮಕ್ಕಳಿಗೆ ಹಿಂದಿನ ರಾತ್ರಿಯೇ ತಯಾರಿ

ಹೈಸ್ಕೂಲು, ಪಿಯುಸಿ ಓದುವ ಮಕ್ಕಳಿರುವ ಮನೆಯಲ್ಲಿ ಬೆಳಗ್ಗೆ ಏಳೂವರೆ ಆಯ್ತು ಅಂದರೆ ಒಂದೇ ರಾಗ. "ಎರಡು ತುತ್ತಾದ್ರೂ ತಿಂದು ಹೋಗೋ" ಅಂತ ಅಮ್ಮ, "ಬೇಡಮ್ಮ, ಬಸ್ಸು ಹೋಗತ್ತೆ" ಅಂತ ಮಗ. ಹಾಕಿಟ್ಟ ಉಪ್ಪಿಟ್ಟು ತಟ್ಟೆಯಲ್ಲೇ ಆರಿ ಗಟ್ಟಿಯಾಗುತ್ತದೆ. ಅಮ್ಮನಿಗೆ ಕೋಪ, ಮಗನಿಗೆ ಕಿರಿಕಿರಿ. ಮಕ್ಕಳನ್ನು ಬೆಳೆಸಿ, ಈಗ ಮೊಮ್ಮಕ್ಕಳಿಗೆ ಡಬ್ಬಿ ಕಟ್ಟುತ್ತಿರುವವಳು ನಾನು. ಈ ಜಗಳವನ್ನು ಬೆಳಗ್ಗೆ ಗೆಲ್ಲೋದಕ್ಕೆ ಆಗೋದಿಲ್ಲ. ಹಿಂದಿನ ರಾತ್ರಿ ಊಟದ ಹೊತ್ತಿಗೇ ಅದು ತೀರ್ಮಾನ ಆಗಿರುತ್ತದೆ.

ಸುಮ್ನೆ ಲೆಕ್ಕ ಹಾಕಿ ನೋಡಿ. ಟ್ಯೂಷನ್ ಮುಗಿಸಿ ಬಂದವರು ಸಂಜೆ ಚಿಪ್ಸೋ ಬೋಂಡಾನೋ ತಿಂದಿರುತ್ತಾರೆ. ಅದಕ್ಕೇ ಊಟ ಹತ್ತೂವರೆಗೆ ಹೋಗುತ್ತದೆ. ಊಟ ಆದಮೇಲೆ ಹಾಸಿಗೆಯಲ್ಲಿ ಫೋನು, ಹನ್ನೆರಡಾದರೂ ನಿದ್ದೆಯಿಲ್ಲ. ಆರೂವರೆಗೆ ಎಬ್ಬಿಸಿದರೆ ಅರ್ಧ ನಿದ್ದೆ ಕಣ್ಣಲ್ಲಿ, ರಾತ್ರಿಯ ಊಟ ಹೊಟ್ಟೆಯಲ್ಲಿ. ಹಸಿವಿಲ್ಲ ಅಂದರೆ ಸುಳ್ಳಲ್ಲ, ಆ ಮಗುವಿಗೆ ನಿಜವಾಗಿ ಹಸಿವಿರೋದಿಲ್ಲ. ಅದನ್ನು ಸೋಮಾರಿತನ ಅನ್ನಬೇಡಿ. ಹದಿಹರೆಯಕ್ಕೆ ಬಂದಾಗ ನಿದ್ದೆ ತರಿಸುವ ಮೆಲಟೋನಿನ್ ಅನ್ನುವ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ. ಹಾಗಾಗಿ ಚಿಕ್ಕವರಿದ್ದಾಗ ಒಂಬತ್ತಕ್ಕೇ ತೂಕಡಿಸುತ್ತಿದ್ದ ಮಕ್ಕಳು ಈಗ ಹನ್ನೊಂದಾದರೂ ಎದ್ದಿರುತ್ತಾರೆ. ಅದರ ಮೇಲೆ ಫೋನಿನ ಬೆಳಕು ಬೇರೆ. ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ದೆಯ ಬಗ್ಗೆ ತಿಳಿದ ವೈದ್ಯರು ಹೇಳುತ್ತಾರೆ. ಆರೂವರೆಗೆ ಏಳಬೇಕಾದವರು ಹತ್ತಕ್ಕೆ ದೀಪ ಆರಿಸಿದರೆ ಎಂಟೂವರೆ ಗಂಟೆ ಸಿಗುತ್ತದೆ, ಅಷ್ಟೇ.

ಆದ್ದರಿಂದ ಮೊದಲು ಊಟವನ್ನು ಎಂಟು, ಎಂಟೂಕಾಲಕ್ಕೆ ತನ್ನಿ. ಒಂದೇ ದಿನಕ್ಕೆ ಆಗೋದಿಲ್ಲ. ವಾರಕ್ಕೆ ಹದಿನೈದು ಇಪ್ಪತ್ತು ನಿಮಿಷ ಹಿಂದೆ ತಂದರೆ ಯಾರಿಗೂ ಭಾರ ಅನಿಸೋದಿಲ್ಲ. ಸಂಜೆ ಕರಿದದ್ದರ ಬದಲು ಬೇಯಿಸಿದ ಕಡಲೆಕಾಯಿ, ಸೌತೆಕಾಯಿ ಹಾಕಿದ ಮಂಡಕ್ಕಿ, ಸೀಬೆಹಣ್ಣು, ಇಂಥದ್ದು ಕೊಟ್ಟರೆ ಎಂಟಕ್ಕೆ ಹಸಿವಾಗುತ್ತದೆ. ಫೋನಿನ ಚಾರ್ಜರನ್ನು ಮಲಗುವ ಕೋಣೆಯಿಂದ ತೆಗೆದು ನಡುಮನೆಯಲ್ಲಿ ಹಾಕಿ. ಈ ನಿಯಮ ಮಕ್ಕಳಿಗೆ ಮಾತ್ರ ಅಂತ ಮಾಡಿದರೆ ನಡೆಯೋದಿಲ್ಲ. ಅಪ್ಪ ಅಮ್ಮನ ಫೋನೂ ಅಲ್ಲೇ ಮಲಗಬೇಕು. ಏಳೋದಕ್ಕೆ ಅಲಾರಂ ಬೇಕು ಅಂದರೆ ಒಂದು ಸಾದಾ ಅಲಾರಂ ಗಡಿಯಾರ ತಂದಿಡಿ.

ಮಲಗುವ ಮುಂಚೆ ಅಡುಗೆಮನೆಯಲ್ಲಿ ಹತ್ತು ನಿಮಿಷದ ಕೆಲಸ ಇದೆ. ಈರುಳ್ಳಿ ಹೆಚ್ಚಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಹೆಸರುಕಾಳು ನೆನೆಹಾಕಿ. ದೋಸೆ ಹಿಟ್ಟಿದ್ದರೆ ಹೊರಗಿಡೋದೋ ಒಳಗಿಡೋದೋ ನೋಡಿಕೊಳ್ಳಿ. ನಾಳೆ ಏನು ತಿಂಡಿ ಅಂತ ಮಕ್ಕಳನ್ನೇ ಕೇಳಿ, ಎರಡರಲ್ಲಿ ಒಂದು ಆರಿಸಿಕೊಳ್ಳಲಿ. ತಾನೇ ಹೇಳಿದ ತಿಂಡಿಯನ್ನು ಬೇಡ ಅನ್ನೋದಕ್ಕೆ ಆ ವಯಸ್ಸಿನವರಿಗೆ ಸ್ವಲ್ಪ ಕಷ್ಟ! ಬ್ಯಾಗು, ಯೂನಿಫಾರ್ಮು, ಸಾಕ್ಸು ರಾತ್ರಿಯೇ ಸಿದ್ಧವಾಗಿದ್ದರೆ ಬೆಳಗ್ಗೆ ಕಾಲು ಗಂಟೆ ಉಳಿಯುತ್ತದೆ. ತಿಂಡಿಗೆ ಅಷ್ಟು ಸಾಕು.

ಆರು ಗಂಟೆಗೇ ಟ್ಯೂಷನ್‌ಗೆ ಓಡುವ ಮಕ್ಕಳಿಗೆ ತಟ್ಟೆ ತುಂಬ ತಿಂಡಿ ಹಿಡಿಸೋದಿಲ್ಲ. ಅವರಿಗೆ ನಮ್ಮ ತುಮಕೂರಿನ ಕಡೆಯ ಹುರಿಹಿಟ್ಟಿನಷ್ಟು ಒಳ್ಳೆಯದು ಇನ್ನೊಂದಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ರಾಗಿಯನ್ನು ತೊಳೆದು ಒಂದು ರಾತ್ರಿ ನೆನೆಸಿ. ನೀರು ಬಸಿದು ಹತ್ತಿ ಬಟ್ಟೆಯಲ್ಲಿ ಕಟ್ಟಿಡಿ, ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಿ. ಒಂದು, ಒಂದೂವರೆ ದಿನಕ್ಕೆ ಬಿಳಿ ಮೊಳಕೆ ಇಣುಕುತ್ತದೆ. ಮೊಳಕೆ ತುಂಬ ಉದ್ದವಾಗೋದು ಬೇಡ. ನೆರಳಲ್ಲಿ ಹರಡಿ ಗರಿಗರಿಯಾಗುವ ತನಕ ಒಣಗಿಸಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಇಲ್ಲಿ ಆತುರ ಪಡಬೇಡಿ. ಹಸಿ ವಾಸನೆ ಹೋಗಿ ಮನೆಯೆಲ್ಲ ಘಮ್ಮೆನ್ನಬೇಕು, ಆದರೆ ಸೀಯಬಾರದು. ಆರಿದ ಮೇಲೆ ಕೈಯಲ್ಲಿ ಉಜ್ಜಿದರೆ ಮೊಳಕೆ ಉದುರುತ್ತದೆ, ಮೊರದಲ್ಲಿ ಕೇರಿ ತೆಗೆಯಿರಿ. ಒಂದು ಸೇರು ರಾಗಿಗೆ ಕಾಲು ಸೇರು ಹುರಿಗಡಲೆ, ನಾಲ್ಕು ಏಲಕ್ಕಿ ಹಾಕಿ ಮಿಲ್ಲಿನಲ್ಲಿ ಬೀಸಿಸಿದರೆ ಆಯ್ತು. ಒಣ ಡಬ್ಬಿಯಲ್ಲಿಟ್ಟು, ಒದ್ದೆ ಚಮಚ ಹಾಕದೆ ಬಳಸಿದರೆ ತಿಂಗಳು ಕೆಡೋದಿಲ್ಲ. ಬೆಳಗ್ಗೆ ಎರಡು ದೊಡ್ಡ ಚಮಚ ಹಿಟ್ಟಿಗೆ ಬಿಸಿ ಹಾಲು, ಚೂರು ಬೆಲ್ಲ. ಸಿಹಿ ಬೇಡ ಅನ್ನುವವರಿಗೆ ಮಜ್ಜಿಗೆ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ. ಎರಡು ನಿಮಿಷವೂ ಬೇಡ.

ರಾಗಿಯನ್ನು ನಾನು ಹಳೇ ಅಭಿಮಾನಕ್ಕೆ ಹೊಗಳುತ್ತಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿಯಲ್ಲಿ ಅದರ ಹತ್ತಿರವೂ ಇಲ್ಲ. ಹದಿಹರೆಯದವರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ಮೂಳೆ ಗಟ್ಟಿಯಾಗುವ ಕಾಲ ಇದೇ. ಮೊಳಕೆ ಬರಿಸಿದರೆ ರಾಗಿಯಲ್ಲಿರುವ ಸತ್ವ ಮೈಗೆ ಹತ್ತೋದು ಇನ್ನೂ ಸುಲಭ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲು 2013ರಿಂದ ಇದೆ. 2024ರಿಂದ ಅದರ ಜೊತೆಗೆ ವಾರದಲ್ಲಿ ಮೂರು ದಿನ ರಾಗಿ ಮಾಲ್ಟ್ ಕೂಡ ಬಂತು. ಅದನ್ನು ಮಕ್ಕಳು ಖಂಡಿತ ಕುಡಿಯಲಿ. ಹಾಗಂತ ಶಾಲೆಯಲ್ಲಿ ಹಾಲು ಸಿಗುತ್ತಲ್ಲ ಅಂತ ಮನೆಯ ತಿಂಡಿ ತಪ್ಪಿಸಬೇಡಿ, ಅದು ತಿಂಡಿಯ ಜೊತೆಗೆ ಕೊಡುವಂಥದ್ದು.

ಇನ್ನು ತಿಂಡಿ ತಿನ್ನುವ ಮನೆಗಳಲ್ಲೂ ಒಂದು ಕೊರತೆ ಕಾಣುತ್ತೇನೆ. ಅನ್ನ, ರವೆ, ಅವಲಕ್ಕಿ ಜಾಸ್ತಿ, ಕಾಳು ಬೇಳೆ ಕಡಿಮೆ. ಚಿತ್ರಾನ್ನದಲ್ಲಿ ಹತ್ತು ಕಡಲೆಕಾಯಿ ಬೀಜ ಹುಡುಕಬೇಕು. ಹದಿಮೂರು-ಹದಿನೈದರ ಹುಡುಗನಿಗೆ ದಿನಕ್ಕೆ 45 ಗ್ರಾಂ, ಹುಡುಗಿಗೆ 43 ಗ್ರಾಂ ಪ್ರೊಟೀನ್ ಬೇಕು. ಎರಡು ಇಡ್ಲಿಯಿಂದ ನಾಲ್ಕು ಗ್ರಾಂ ಸಿಕ್ಕರೆ ಹೆಚ್ಚು. ಅದಕ್ಕೇ ಹನ್ನೊಂದು ಗಂಟೆಗೆ ಮತ್ತೆ ಹಸಿವಾಗಿ ಕ್ಯಾಂಟೀನಿನ ಪಫ್ಸು, ಕೋಲಾ ಕಡೆ ಕೈ ಹೋಗೋದು. ಪರಿಹಾರಕ್ಕೆ ದುಡ್ಡೇನೂ ಬೇಕಿಲ್ಲ. ಚಿತ್ರಾನ್ನಕ್ಕೆ ಒಂದು ಹಿಡಿ ಕಡಲೆಕಾಯಿ ಬೀಜ ಹಾಕಿ, ಏಳು ಗ್ರಾಂ ಅಲ್ಲೇ ಬಂತು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲೂ ಹತ್ತಿರ ಹತ್ತಿರ ಅಷ್ಟೇ. ಉಪ್ಪಿಟ್ಟಿಗೆ ಅವರೆಕಾಳಿನ ಕಾಲದಲ್ಲಿ ಅವರೆಕಾಳು, ಉಳಿದ ಕಾಲದಲ್ಲಿ ಮೊಳಕೆ ಹೆಸರುಕಾಳು ಸೇರಿಸಿ. ಇಡ್ಲಿಗೆ ನೀರು ಚಟ್ನಿ ಬೇಡ, ಕಡಲೆಕಾಯಿ ಬೀಜ, ಹುರಿಗಡಲೆ ಹಾಕಿ ಗಟ್ಟಿಯಾಗಿ ರುಬ್ಬಿ. ಉತ್ತರ ಕರ್ನಾಟಕದವರ ಶೇಂಗಾ ಚಟ್ನಿಪುಡಿ ಒಂದು ಡಬ್ಬಿ ಮನೆಯಲ್ಲಿದ್ದರೆ ರೊಟ್ಟಿ, ದೋಸೆ ಯಾವುದಕ್ಕೂ ಆಗುತ್ತದೆ. ಬಸ್ಸಿಗೆ ಓಡುವವರಿಗೆ ರಾಗಿ ರೊಟ್ಟಿಗೆ ಚಟ್ನಿಪುಡಿ, ತುಪ್ಪ ಸವರಿ ಸುರುಳಿ ಸುತ್ತಿ ಕೈಗೆ ಕೊಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ನನಗೆ ನಿಜವಾಗಿ ಸಂಕಟ ಆಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಮುಟ್ಟಿನಲ್ಲಿ ರಕ್ತ ಹೋಗುತ್ತದೆ, ಮೈ ಬೆಳೆಯುತ್ತಿರುತ್ತದೆ, ಅದರ ಮೇಲೆ ದಪ್ಪ ಆಗ್ತೀನಿ ಅಂತ ತಿಂಡಿ ಬಿಟ್ಟು ಬರೀ ಕಾಫಿ ಕುಡಿದು ಹೋಗುತ್ತಾರೆ. ಕಾಫಿ, ಟೀ ಊಟ ತಿಂಡಿಯ ಜೊತೆ ಬಿದ್ದರೆ ಆ ಊಟ ತಿಂಡಿಯಲ್ಲಿರುವ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಸೇರೋದಿಲ್ಲ. ಕುಡಿಯಲೇಬೇಕು ಅಂದರೆ ತಿಂಡಿಯಾಗಿ ಒಂದು ಗಂಟೆ ಬಿಟ್ಟು ಕುಡಿಯಲಿ. ಹುಳಿ ಹಣ್ಣು ಇದಕ್ಕೆ ವಿರುದ್ಧ, ಕಬ್ಬಿಣ ಹೀರಿಕೊಳ್ಳೋದಕ್ಕೆ ಸಹಾಯ ಮಾಡುತ್ತದೆ. ಅವಲಕ್ಕಿಗೆ, ಕಾಳಿನ ಉಸಲಿಗೆ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ. ರೊಟ್ಟಿ ಹಿಟ್ಟಿಗೆ ನುಗ್ಗೆಸೊಪ್ಪು ಹಾಕಿ ತಟ್ಟಿ, ಜೊತೆಗೆ ಅರ್ಧ ಸೀಬೆಹಣ್ಣೋ ಕಿತ್ತಳೆಯೋ ಇರಲಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ನೀಲಿ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ. ಆಮೇಲೆ ಹುಡುಗಿಯರು ಗುಟ್ಟಾಗಿ ಬಿಸಾಡುತ್ತಾರೆ. ತಿಂಡಿ ತಿಂದು ಹೋದರೆ ಆ ತೊಂದರೆ ಕಡಿಮೆ. ಮೆಟ್ಟಿಲು ಹತ್ತುವಾಗ ಏದುಸಿರು, ಯಾವಾಗಲೂ ಸುಸ್ತು, ಕೂದಲು ಜಾಸ್ತಿ ಉದುರೋದು ಕಂಡರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ಮತ್ತೆ, ಮನೆಗೆ ಬಂದ ನೆಂಟರು "ಏನೇ, ದಪ್ಪ ಆಗಿದೀಯಾ" ಅಂತ ಹುಡುಗಿಯ ಮುಖಕ್ಕೇ ಹೇಳೋದನ್ನು ದಯವಿಟ್ಟು ತಡೆಯಿರಿ. ನಾನಂತೂ ಅಂಥವರ ಬಾಯಿ ಅಲ್ಲೇ ಮುಚ್ಚಿಸುತ್ತೇನೆ. ಆ ಒಂದು ಮಾತಿಗೆ ತಿಂಗಳುಗಟ್ಟಲೆ ತಿಂಡಿ ಬಿಟ್ಟ ಹುಡುಗಿಯರನ್ನು ನೋಡಿದ್ದೇನೆ.

ಅಂಗಡಿಯಲ್ಲಿ ಸಿಗುವ, ಹಾಲಿಗೆ ಬೆರೆಸುವ ಚಾಕೊಲೇಟ್ ರುಚಿಯ ಪುಡಿ, ಬಣ್ಣಬಣ್ಣದ ಫ್ಲೇಕ್ಸು ತರುವ ಮುಂಚೆ ಡಬ್ಬಿಯ ಹಿಂಬದಿ ಓದಿ. ನೂರು ಗ್ರಾಂನಲ್ಲಿ ಸಕ್ಕರೆ ಎಷ್ಟು ಅಂತ ಬರೆದಿರುತ್ತಾರೆ. ಇಂಥ ಪಾನೀಯಗಳನ್ನು ಹೆಲ್ತ್ ಡ್ರಿಂಕ್ ಅನ್ನುವ ಪಟ್ಟಿಯಿಂದ ತೆಗೆಯಿರಿ ಅಂತ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತ್ತು.

ಬೆಳಗ್ಗೆ ತಿಂಡಿ ತಿನ್ನುವ ಮಕ್ಕಳಲ್ಲಿ ಹೊತ್ತಿಗೆ ನಿದ್ದೆ, ಆಟ ಓಟ, ಹಣ್ಣು ತರಕಾರಿ ತಿನ್ನೋದು ಕೂಡ ಜಾಸ್ತಿ ಕಾಣುತ್ತದೆ. ತಿಂಡಿ ಒಂದರಿಂದಲೇ ಎಲ್ಲ ಆಯ್ತು ಅಂತ ಹೇಳೋಕಾಗಲ್ಲ, ಇವೆಲ್ಲ ಒಂದಕ್ಕೊಂದು ಕೈಹಿಡಿದು ಬರುತ್ತವೆ. ದಿನಕ್ಕೆ ಒಂದು ಗಂಟೆ ಮೈ ಆಡಿಸಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಎಸ್ಸೆಸ್ಸೆಲ್ಸಿ ವರ್ಷ ಬಂತು ಅಂತ ಆಟವನ್ನೇ ನಿಲ್ಲಿಸುವ ಮನೆಗಳಿವೆ, ಅದು ತಪ್ಪು. ಸಂಜೆ ಶಟಲ್, ಕಬಡ್ಡಿ, ಸೈಕಲ್ಲು ಯಾವುದಾದರೂ ಇರಲಿ. ಆಡಿ ದಣಿದ ಮಗು ಎಂಟಕ್ಕೆ ಊಟ ಕೇಳುತ್ತದೆ, ಹತ್ತಕ್ಕೆ ಮಲಗುತ್ತದೆ, ಬೆಳಗ್ಗೆ ಹಸಿದು ಏಳುತ್ತದೆ.

ತಿಂಡಿಯ ಮುಂದೆ ಮಾರ್ಕ್ಸ್ ಕಾರ್ಡಿನ ವಿಷಯ ಎತ್ತಬೇಡಿ. ಮನೆಯಲ್ಲಿ ಯಾರಾದರೂ ಒಬ್ಬರು ಪಕ್ಕದಲ್ಲಿ ಕೂತು ತಾವೂ ತಿನ್ನಿ. ಅಜ್ಜ ಆದರೂ ಸರಿ, ಅಪ್ಪ ಆದರೂ ಸರಿ. ಮೊದಲ ವಾರ ಒಂದು ಬಾಳೆಹಣ್ಣು, ಅರ್ಧ ಲೋಟ ಹುರಿಹಿಟ್ಟು ಹೋದರೆ ಸಾಕು, ಒತ್ತಾಯ ಬೇಡ. ಊಟದ ಹೊತ್ತು ಹಿಂದೆ ಬಂದಂತೆ ದೋಸೆ ಒಂದರಿಂದ ಎರಡಾಗುತ್ತದೆ. ಪರೀಕ್ಷೆಯ ದಿನ ಮಾತ್ರ ಹೊಸ ತಿಂಡಿ, ಎಣ್ಣೆ ತಿಂಡಿ ಮಾಡಲು ಹೋಗಬೇಡಿ. ಅಭ್ಯಾಸವಿರುವ ಇಡ್ಲಿಯೋ ಮೊಸರನ್ನವೋ ಕೊಡಿ, ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಕೊಡಿ. ಬ್ಯಾಗಿನಲ್ಲಿ ನೀರಿನ ಬಾಟಲಿ, ಪರೀಕ್ಷೆ ಮುಗಿದ ಮೇಲೆ ತಿನ್ನೋದಕ್ಕೆ ಎರಡು ಕಡಲೆಕಾಯಿ ಚಿಕ್ಕಿ ಇರಲಿ.