ಬ್ಯಾಡಗಿಯಲ್ಲಿ ಕೂತು ಬರೆದೆ, ಓದುಗರು ಒಬ್ಬೊಬ್ಬರಾಗಿ ಬಂದರು

ಹಾವೇರಿ ಜಿಲ್ಲೆಯ ಬ್ಯಾಡಗಿಯ ಕೃಷಿ ಮಾರುಕಟ್ಟೆಯಲ್ಲಿ (ಎಪಿಎಂಸಿ) ಒಂದು ದಲಾಲಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಮೆಣಸಿನಕಾಯಿ ಚೀಲ ಎಷ್ಟು ಬಂದವು, ತೂಕ ಎಷ್ಟಾಯಿತು, ಯಾವ ಲಾಟ್ ಯಾರ ಟೆಂಡರ್‌ಗೆ ಹೋಯಿತು, ರೈತರಿಗೆ ಸಿಗುವ ಹಣ ಎಷ್ಟಾಯಿತು. ಹಗಲೆಲ್ಲ ಇದೇ ಕೆಲಸ. 2021ರಲ್ಲಿ ರಾತ್ರಿ ಹೊತ್ತು ಫೇಸ್‌ಬುಕ್‌ನಲ್ಲಿ ಬರೆಯಲು ಶುರು ಮಾಡಿದೆ. ಈಗ ನನ್ನ ಬರಹಕ್ಕೆ ಕಾಯುವವರು ಸುಮಾರು 600 ಜನ ಇದ್ದಾರೆ. ದೊಡ್ಡ ಸಂಖ್ಯೆ ಅಲ್ಲ, ನಿಜ. ಆದರೆ ಇವರಲ್ಲಿ ಹೆಚ್ಚಿನವರು ಎಲ್ಲಿಂದ, ಯಾವ ಬರಹ ಓದಿ ಬಂದರು ಅಂತ ನನಗೆ ಗೊತ್ತು. ಹೊಸದಾಗಿ ಬರೆಯುವವರು ಕೆಲವರು ಕೇಳಿದ್ದರಿಂದ ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲ ಎಂಟು ತಿಂಗಳು ನಾನು ಬರೆದದ್ದು ಮಳೆ, ಒಂಟಿತನ, ಬದುಕಿನ ಅರ್ಥ, ಇಂಥವೇ. ಓದುತ್ತಿದ್ದವರು 30 ಜನ. ಅವರಲ್ಲಿ ಹೆಚ್ಚಿನವರು ಸಂಬಂಧಿಕರು. ಆಗ ಒಬ್ಬರು ನನ್ನನ್ನು ಒಂದು ಗುಂಪಿಗೆ ಸೇರಿಸಿದರು. ಅಲ್ಲಿ ಎಲ್ಲರೂ ಬರೆಯುವವರೇ. ನೀವು ನನ್ನದಕ್ಕೆ ಲೈಕ್ ಕೊಡಿ, ನಾನು ನಿಮ್ಮದಕ್ಕೆ ಕೊಡುತ್ತೇನೆ ಅನ್ನುವ ಒಪ್ಪಂದ. ಒಂದೇ ವಾರದಲ್ಲಿ ನನ್ನ ಬರಹಕ್ಕೆ 120 ಲೈಕ್ ಬರತೊಡಗಿದವು. ಖುಷಿಯಾಯಿತು. ಒಂದು ದಿನ ಬರಹದ ಕೊನೆಗೆ ಒಂದು ಪ್ರಶ್ನೆ ಹಾಕಿದೆ. ನಿಮ್ಮ ಮನೆಯಲ್ಲಿ ವರ್ಷಕ್ಕೆ ಎಷ್ಟು ಕೆಜಿ ಖಾರಪುಡಿ ಬೇಕಾಗುತ್ತದೆ ಅಂತ. ಲೈಕ್ ಅಷ್ಟೇ ಬಂದವು, ಉತ್ತರ ಒಂದೂ ಬರಲಿಲ್ಲ. ಯಾರೂ ಕೊನೆಯವರೆಗೆ ಓದಿರಲಿಲ್ಲ. ಅಲ್ಲಿ ಎರಡು ತಿಂಗಳ ರಾತ್ರಿಗಳನ್ನು ಕಳೆದುಕೊಂಡೆ. ಅವು ಇವತ್ತಿಗೂ ನೆನಪಾಗುತ್ತವೆ. ಗುಂಪು ಬಿಟ್ಟೆ.

ದಾರಿ ತೋರಿಸಿದ್ದು ಅಕ್ಕನ ಒಂದು ಫೋನು. ಅವಳು ಬೆಂಗಳೂರಿನಲ್ಲಿದ್ದಾಳೆ. "ತಮ್ಮಾ, ಇಲ್ಲಿ ಎಲ್ಲಾ ಅಂಗಡ್ಯಾಗೂ ಬ್ಯಾಡಗಿ ಮೆಣಸಿನಕಾಯಿ ಅಂತ ಬೋರ್ಡ್ ಹಾಕ್ಯಾರ. ಖರೇ ಯಾವ್ದು ಅಂತ ಹ್ಯಾಂಗ ಗುರ್ತ ಹಿಡೀಬೇಕು?" ಅಂದಳು. ನನಗೆ ಇದು ದಿನಾ ಕಣ್ಣಿಗೆ ಬೀಳುವ ಸಂಗತಿ. ಹೇಳಿದೆ. ಮೈ ತುಂಬ ಸುಕ್ಕು ಇರಬೇಕು. ಬಣ್ಣ ಗಾಢ ಕೆಂಪು, ಖಾರ ಕಡಿಮೆ. ಡಬ್ಬಿ ಅನ್ನುವುದು ಗಿಡ್ಡ, ದಪ್ಪ. ಕಡ್ಡಿ ಅನ್ನುವುದು ಉದ್ದ, ತೆಳು. ನುಣ್ಣಗೆ ಹೊಳೆಯುವ, ಬಾಯಿಗಿಟ್ಟರೆ ಉರಿಯುವ ಕಾಯಿ ಕೊಟ್ಟರೆ ಅದು ಬೇರೆ ತಳಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಗುರುತು, ಅಂದರೆ ಇದು ಈ ಸೀಮೆಯದೇ ಅನ್ನುವ ಸರ್ಕಾರಿ ಗುರುತು ಸಿಕ್ಕಿದೆ. ಅದಕ್ಕೆ ಬೆಲೆ ಬರುವುದು ಬಣ್ಣದಿಂದ. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತದೆ ಅಂದಾಗ ಅಕ್ಕ ನಂಬಲೇ ಇಲ್ಲ.

ಅವಳಿಗೆ ಹೇಳಿದ್ದನ್ನು ಅದೇ ಮಾತಿನಲ್ಲಿ ಆ ರಾತ್ರಿ ಬರೆದು ಹಾಕಿದೆ. ಅಕ್ಕ ಅದನ್ನು ತನ್ನ ಅಪಾರ್ಟ್‌ಮೆಂಟ್ ಹೆಂಗಸರ ಗುಂಪಿಗೆ ಕಳಿಸಿದಳು. ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಯಿತು. ನಾಲ್ಕನೇ ದಿನ ಮೈಸೂರಿನ ಒಬ್ಬರು ಮೆಸೇಜ್ ಮಾಡಿ, ಸಾರಿನ ಪುಡಿಗೆ ಡಬ್ಬಿ ಒಳ್ಳೆಯದೋ ಕಡ್ಡಿಯೋ ಅಂತ ಕೇಳಿದರು. ಪರಿಚಯವೇ ಇಲ್ಲದ ನನ್ನ ಮೊದಲ ಓದುಗರು ಅವರು. ಉತ್ತರ ಗೊತ್ತಿರಲಿಲ್ಲ. ಅವ್ವನನ್ನು ಕೇಳಿ, ಓಣಿಯ ಇನ್ನೂ ಇಬ್ಬರನ್ನು ಕೇಳಿ ಮುಂದಿನ ಬರಹ ಬರೆದೆ. ಅವತ್ತಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಯಾರಾದರೂ ನಿಜವಾಗಿ ಕೇಳಿದ ಪ್ರಶ್ನೆ ಕೈಯಲ್ಲಿ ಇಲ್ಲದೆ ಬರೆಯಲು ಕೂರುವುದಿಲ್ಲ. ಮಳೆ, ಒಂಟಿತನ ಈಗಲೂ ಬರೆಯುತ್ತೇನೆ. ಆದರೆ ಮಾರುಕಟ್ಟೆಯ ಮಾತಿನ ನಡುವೆ ಅವು ತಾವಾಗಿಯೇ ಬರುತ್ತವೆ. ಮಳೆ ಅಂದರೆ ಈಗ ಅಂಗಳದಲ್ಲಿ ಒಣಹಾಕಿದ ಕಾಯಿ, ತಾಡಪತ್ರಿ ಎಳೆದುಕೊಂಡು ಓಡುವ ರೈತ.

ಬರಹದ ಮೊದಲ ಎರಡು ಸಾಲು ಎಷ್ಟು ಮುಖ್ಯ ಅಂತ ನನಗೆ ತಡವಾಗಿ ತಿಳಿಯಿತು. ಫೋನಿನಲ್ಲಿ ಕೆಲವೇ ಸಾಲು ಕಾಣುತ್ತವೆ, ಉಳಿದದ್ದು ಮಡಚಿಕೊಂಡಿರುತ್ತದೆ. ಒತ್ತಿದರೆ ಮಾತ್ರ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಅಲ್ವಾ? ಮೊದಲು ನಾನು "ಅದೊಂದು ಮುಂಜಾವು, ಮಂಜು ಮುಸುಕಿದ ದಾರಿ" ಅಂತ ಶುರು ಮಾಡುತ್ತಿದ್ದೆ. ಈಗ ಹೀಗೆ: "ಒಂದು ಹಿಡಿ ಮೆಣಸಿನಕಾಯಿ ಮುಷ್ಟಿಯಲ್ಲಿ ಒತ್ತಿ. ಚಟಚಟ ಅಂದರೆ ಒಣಗಿದೆ. ಮಡಚಿಕೊಂಡರೆ ಇನ್ನೂ ಹಸಿ ಇದೆ." ಇದನ್ನು ಓದಿದವರು ಅಡುಗೆಮನೆಗೆ ಹೋಗಿ ಒತ್ತಿ ನೋಡಿ ವಾಪಸ್ ಬಂದು ಬರೆದರು. ಒಬ್ಬರಂತೂ ಫೋಟೋ ಕಳಿಸಿದರು.

ಫೇಸ್‌ಬುಕ್ ಒಂದನ್ನೇ ನಂಬಿದ್ದರೆ ಮಾತ್ರ ಇಷ್ಟು ಜನ ಉಳಿಯುತ್ತಿರಲಿಲ್ಲ. ಒಮ್ಮೆ ಓದಿದವರ ಕಣ್ಣಿಗೆ ಮುಂದಿನ ಬರಹ ಬೀಳುತ್ತದೆ ಅನ್ನುವ ಖಾತ್ರಿ ಅಲ್ಲಿ ಇಲ್ಲ. ಅದಕ್ಕೆ ವಾಟ್ಸಾಪ್‌ನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದೆ, ಅಂದರೆ ಒಂದೇ ಸಂದೇಶ ಹಲವರಿಗೆ ಬೇರೆ ಬೇರೆಯಾಗಿ ಹೋಗುವ ಪಟ್ಟಿ. ಒಂದು ಲಿಸ್ಟ್‌ಗೆ 256 ಜನರನ್ನು ಸೇರಿಸಬಹುದು. ಇನ್ನೊಂದು ಸಂಗತಿ ಇದೆ. ನನ್ನ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ಮುಟ್ಟುತ್ತದೆ. ಹಲವರಿಗೆ ಇದು ತೊಡಕು ಅನ್ನಿಸುತ್ತದೆ. ನನಗೆ ಇದೇ ಸರಿ ಅಳತೆ. ಲೈಕ್ ಒತ್ತಲು ಕ್ಷಣ ಸಾಕು. ಗುರುತಿಲ್ಲದವನ ಹೆಸರನ್ನು ಟೈಪ್ ಮಾಡಿ ಸೇವ್ ಮಾಡಿಕೊಳ್ಳುವವರು ನಿಜವಾಗಿಯೂ ಓದುತ್ತಾರೆ. ಕೇಳದೆ ಯಾರನ್ನೂ ಲಿಸ್ಟ್‌ಗೆ ಸೇರಿಸಿಲ್ಲ. ಬೇಡ ಅಂದವರನ್ನು ಅವತ್ತೇ ತೆಗೆದಿದ್ದೇನೆ.

ಮೊದಲ ಲಿಸ್ಟ್ ತುಂಬತೊಡಗಿದ್ದು ಹಾವೇರಿಯ ಸಾಹಿತ್ಯ ಸಮ್ಮೇಳನದಲ್ಲಿ. 2023ರ ಜನವರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಜಿಲ್ಲೆಗೆ ಬಂದಿತ್ತು. ಹೊರಡುವ ಮುಂಚೆ ನನಗೆ ಹಳೆಯ ಕಾದಂಬರಿಕಾರ ಗಳಗನಾಥರು ನೆನಪಾದರು. ಅವರ ನಿಜ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ವರದಾ ಮತ್ತು ತುಂಗಭದ್ರಾ ಕೂಡುವ ಗಳಗನಾಥ ಊರಿನವರು. ಕನ್ನಡದಲ್ಲಿ ಕಾದಂಬರಿ ಓದುವ ರೂಢಿಯೇ ಕಡಿಮೆ ಇದ್ದ ಕಾಲ ಅದು. ಅವರು ಬರೆದು ಸುಮ್ನೆ ಮನೆಯಲ್ಲಿ ಕೂರಲಿಲ್ಲ. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ನಮ್ಮ ಮೇಷ್ಟ್ರು ಇದನ್ನು ಹೇಳುವಾಗ ಅವರ ಗಂಟಲು ಕಟ್ಟುತ್ತಿತ್ತು. ನನ್ನ ಹತ್ತಿರ ಪುಸ್ತಕ ಇರಲಿಲ್ಲ. 200 ಚೀಟಿ ಮಾಡಿಸಿದೆ. ಒಂದು ಬದಿಗೆ ನನ್ನ ಒಂದು ಪುಟ್ಟ ಬರಹ, ಇನ್ನೊಂದು ಬದಿಗೆ ನಂಬರು ಮತ್ತು ಕ್ಯೂಆರ್ ಕೋಡ್. ಪುಸ್ತಕದ ಮಳಿಗೆಗಳ ಹತ್ತಿರ, ಊಟದ ಸಾಲಿನಲ್ಲಿ ಹಂಚಿದೆ. ಸುಮ್ಮನೆ ಕೈಗೆ ತುರುಕಲಿಲ್ಲ. ಊರು ಯಾವುದು, ಏನು ಓದುತ್ತೀರಿ ಅಂತ ಮಾತಾಡಿಸಿ ಕೊಟ್ಟೆ. ಮೂರು ದಿನದಲ್ಲಿ ದನಿ ಬಿದ್ದುಹೋಯಿತು. 61 ಜನ ಮೆಸೇಜ್ ಮಾಡಿದರು. ಅವರಲ್ಲಿ ಬಹಳ ಜನ ಇವತ್ತಿಗೂ ಇದ್ದಾರೆ. ಅವರ ಅಣ್ಣ, ನಾದಿನಿ, ಸಹೋದ್ಯೋಗಿಗಳೂ ಬಂದಿದ್ದಾರೆ.

ಬೇಸರದ ಒಂದು ಘಟನೆಯೂ ಇದೆ. ಹೆಚ್ಚು ಜನ ಇರುವ ಒಂದು ಪೇಜ್ ನನ್ನ ಬರಹವನ್ನು ಹೆಸರು ತೆಗೆದು ತನ್ನದೆಂಬಂತೆ ಹಾಕಿಕೊಂಡಿತು. ಸಾವಿರಾರು ಜನ ಓದಿದರು. ಕೇಳಿದರೆ ಉತ್ತರ ಇಲ್ಲ. ಎರಡು ದಿನ ಊಟ ರುಚಿಸಲಿಲ್ಲ. ಆಮೇಲೆ ಬರೆಯುವ ರೀತಿಯನ್ನೇ ಸ್ವಲ್ಪ ಬದಲಿಸಿದೆ. ಹೆಸರನ್ನು ಕೆಳಗೆ ಹಾಕಿದರೆ ಕತ್ತರಿಸುವುದು ಸುಲಭ. ಹಾಗಾಗಿ ನಮ್ಮ ಅಂಗಡಿ, ಅವ್ವ ಹೇಳಿದ ಮಾತು, ನಾನು ಕಂಡ ರೈತರ ಮಾತು ಬರಹದ ಒಳಗೇ ಹೆಣೆದಿರುತ್ತವೆ. ತೆಗೆದರೆ ಬರಹವೇ ಉಳಿಯುವುದಿಲ್ಲ.

ದಿನಾ ಬರೆಯಿರಿ ಅಂತ ಜಾಸ್ತಿ ಜನ ಹೇಳುತ್ತಾರೆ. ನನಗದು ಆಗಲಿಲ್ಲ, ಬೇಕೂ ಆಗಲಿಲ್ಲ. ಸೋಮವಾರ, ಗುರುವಾರ ಮಾರುಕಟ್ಟೆ ಇರುತ್ತದೆ, ತಲೆ ಎತ್ತಲು ಪುರುಸೊತ್ತಿಲ್ಲ. ಅದಕ್ಕೆ ಮಂಗಳವಾರ ರಾತ್ರಿ ಎಂಟೂವರೆಗೆ ಒಂದೇ ಬರಹ. ಒಂದು ಸಲ ಸುಗ್ಗಿಯಲ್ಲಿ ಮೂರು ವಾರ ತಪ್ಪಿತು. ಹುಷಾರಿದ್ದೀರಾ ಅಂತ ಹನ್ನೊಂದು ಜನ ಕೇಳಿದರು. ಅಷ್ಟು ಕಾಳಜಿ ನೋಡಿ ನನಗೆ ನಾಚಿಕೆಯಾಯಿತು. ಈಗ ಮಳೆಗಾಲದಲ್ಲಿ ಕೆಲಸ ಕಡಿಮೆ ಇದ್ದಾಗಲೇ ಐದಾರು ಬರಹ ಬರೆದು ಇಟ್ಟುಕೊಳ್ಳುತ್ತೇನೆ.

ಕಳಿಸುವ ಮುಂಚೆ ಗಟ್ಟಿಯಾಗಿ ಓದುತ್ತೇನೆ. ಇದು ನಮ್ಮ ಅಂಗಡಿಯ ಹಮಾಲ ಕಾಕಾನಿಂದ ಬಂದ ಅಭ್ಯಾಸ. ಅವನಿಗೆ ಓದಲು ಬರುವುದಿಲ್ಲ. ಒಂದು ದಿನ ಚೀಲದ ಮೇಲೆ ಕೂತು, "ಏನ್ ಬರದೀಯೋ, ಒಂದ್ ಸಲ ಓದಿ ಹೇಳಪಾ" ಅಂದ. ಓದಿದೆ. ನಡುವೆ ಒಂದು ಕಡೆ ಅವನ ಗಮನ ಬೇರೆ ಕಡೆ ಹೋಯಿತು. ಆ ಭಾಗವನ್ನು ಕಿತ್ತು ಹಾಕಿದೆ. ಅವತ್ತೇ ಅದನ್ನು ನನ್ನ ದನಿಯಲ್ಲಿ ರೆಕಾರ್ಡ್ ಮಾಡಿ ಬರಹದ ಜೊತೆ ಕಳಿಸಿದೆ. ಅಷ್ಟೊಂದು ಜನ ಕೇಳಿಸಿಕೊಳ್ಳುತ್ತಾರೆ ಅಂತ ಅಂದುಕೊಂಡಿರಲಿಲ್ಲ. ರೊಟ್ಟಿ ಬಡಿಯುವಾಗ, ಹೊಲಕ್ಕೆ ಹೋಗುವಾಗ ಕೇಳುತ್ತಾರಂತೆ. ಕಣ್ಣು ಮಂಜಾದ ಹಿರಿಯರು ಮೊಮ್ಮಕ್ಕಳಿಂದ ಹಚ್ಚಿಸಿಕೊಳ್ಳುತ್ತಾರೆ. ಅವರ ಪ್ರಶ್ನೆಗಳೂ ದನಿಯಲ್ಲೇ ಬರುತ್ತವೆ.

ಮೊನ್ನೆ ಸವಣೂರಿನ ಒಬ್ಬ ಅಜ್ಜಿಯ ದನಿ ಬಂತು. ಹೋದ ವರ್ಷದ ಕಾಯಿ ಡಬ್ಬದಲ್ಲಿ ಇಟ್ಟಲ್ಲೇ ಬಣ್ಣ ಕಳೆದುಕೊಂಡಿವೆ, ಯಾಕೆ ಅಂತ ಕೇಳಿದ್ದಾರೆ. ಬಿಸಿಲು ಬೀಳುವ ಕಡೆ ಇಟ್ಟಿದ್ದೀರಾ ಅಂತ ಕೇಳಿ ಕಳಿಸಿದ್ದೇನೆ. ನಾಳೆ ಕೋಲ್ಡ್ ಸ್ಟೋರೇಜ್‌ನಲ್ಲಿ ಕೆಲಸ ಮಾಡುವ ಗೆಳೆಯನನ್ನು ಕಾಣಬೇಕು. ಮಂಗಳವಾರಕ್ಕೆ ಇನ್ನೂ ಮೂರು ದಿನ ಇದೆ.